500 ಕಿಲೋಮೀಟರ್ ದೂರ: ಕಾರೋ, ವಿಮಾನವೋ?

ಪ್ರಶ್ನೆ: ನಾವು ನಾಲ್ವರು, ಅದರಲ್ಲಿ ಇಬ್ಬರು ಶಾಲೆಗೆ ಹೋಗುವ ಮಕ್ಕಳು. 500 ಕಿ.ಮೀ. ದೂರದ ಊರಿಗೆ ಹೋಗಬೇಕಿದೆ. ವಿಮಾನದಲ್ಲಿ ಒಂದೇ ಗಂಟೆ, ಕಾರಿನಲ್ಲಿ ಇಡೀ ದಿನ. ಕಾರು ಓಡಿಸಲು ಬರುವುದು ನನಗೊಬ್ಬನಿಗೇ. ಯಾವುದು ಮೇಲು?

ಉತ್ತರ: ಆ ಒಂದು ಗಂಟೆ ವಿಮಾನ ಹಾರಾಡುವ ಹೊತ್ತು ಮಾತ್ರ. ಮನೆಗೆ ಬೀಗ ಹಾಕಿದಲ್ಲಿಂದ ಆಚೆ ಊರಿನ ಮನೆ ಬಾಗಿಲು ತಟ್ಟುವವರೆಗಿನ ಹೊತ್ತನ್ನು ಎಣಿಸಿ. ವಿಮಾನ ನಿಲ್ದಾಣಕ್ಕೆ ಹೋಗಲು ಒಂದೂವರೆ ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು, ಹಾರಾಟ ಒಂದು ಗಂಟೆ, ಬ್ಯಾಗಿಗೆ ಕಾದು ಹೊರಬರಲು ಮುಕ್ಕಾಲು, ಟ್ಯಾಕ್ಸಿಗೆ ಇನ್ನೊಂದು ಮುಕ್ಕಾಲು. ಆರು ಗಂಟೆಯಾಯಿತು. ಕಾರಿಗೆ ಮೊಬೈಲ್ ನಕ್ಷೆ 8 ಗಂಟೆ ತೋರಿಸಿದರೆ ಅದು ಎಲ್ಲೂ ನಿಲ್ಲದೆ ಓಡಿದ ಲೆಕ್ಕ. ಎರಡು ಗಂಟೆಗೊಮ್ಮೆ 15 ನಿಮಿಷ, ಊಟಕ್ಕೆ 45 ನಿಮಿಷ ಸೇರಿಸಿದರೆ ಒಂಬತ್ತೂವರೆ. ಅಂದರೆ ಉಳಿಯುವುದು ಮೂರು ಗಂಟೆ ಚಿಲ್ಲರೆ. 300 ಕಿ.ಮೀ. ಒಳಗಾದರೆ ಅದೂ ಉಳಿಯುವುದಿಲ್ಲ.

ಖರ್ಚಿನಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ: ಟಿಕೆಟ್ ತಲೆಗೊಂದು, ಇಂಧನ ಎಲ್ಲರಿಗೂ ಸೇರಿ ಒಂದೇ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಹೋಗಿ ಬರುವ 1000 ಕಿ.ಮೀ.ಗೆ ಸುಮಾರು 67 ಲೀಟರ್ ಕುಡಿಯುತ್ತದೆ. ಟೋಲ್ ಸೇರಿಸಿ. ಟೈರ್, ಆಯಿಲ್, ಸರ್ವೀಸ್ ಸವೆತಕ್ಕೆಂದು ಇಂಧನ ಖರ್ಚಿನ ಕಾಲು ಭಾಗವನ್ನಾದರೂ ಸೇರಿಸಿ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ವಿಮಾನದ ಕಡೆಗೆ ಹೆಚ್ಚುವರಿ ಬ್ಯಾಗಿನ ಶುಲ್ಕ, ಎರಡೂ ತುದಿಯ ಟ್ಯಾಕ್ಸಿ, ಅಲ್ಲಿದ್ದಷ್ಟು ದಿನದ ಓಡಾಟ ಸೇರಬೇಕು. ನಾಲ್ವರಿಗೆ ಸಾಮಾನ್ಯವಾಗಿ ಕಾರೇ ಅಗ್ಗ. ಒಬ್ಬರೇ ಹೋಗುವುದಾದರೆ ಲೆಕ್ಕ ತಿರುಗಿಬೀಳಬಹುದು.

ಆದರೆ ನಿಮ್ಮ ವಿಷಯದಲ್ಲಿ ಹಣಕ್ಕಿಂತ ಮೊದಲು ನೋಡಬೇಕಾದದ್ದು ಕೊನೆಯಲ್ಲಿ ಬರೆದಿರುವ ಮಾತನ್ನು: ಸ್ಟಿಯರಿಂಗ್ ಹಿಡಿಯುವವರು ಒಬ್ಬರೇ. ಬೆಳಗಿನ ಜಾವದಲ್ಲೂ ಊಟವಾದ ಮೇಲೆ ಮಧ್ಯಾಹ್ನ 2ರಿಂದ 4ರವರೆಗೂ ದೇಹ ತಾನಾಗಿ ನಿದ್ದೆಗೆ ಎಳೆಯುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಕಿಟಕಿ ಇಳಿಸಿದರೆ, ಹಾಡು ಜೋರು ಮಾಡಿದರೆ ತೂಕಡಿಕೆ ಹೋಗದು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು, ತಕ್ಷಣ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿ ಕೆಲಸ ಶುರು ಮಾಡಿರುತ್ತದೆ. ದಿನದ ಕೆಲಸ ಮುಗಿಸಿ ರಾತ್ರಿ ಹೊರಡುವುದನ್ನಂತೂ ದಯವಿಟ್ಟು ಮಾಡಬೇಡಿ.

ಹಾಗಾಗಿ, ಎರಡೇ ದಿನದ ಭೇಟಿಯಾಗಿದ್ದು ಮರುದಿನ ಕೆಲಸಕ್ಕೆ ಹಾಜರಾಗಬೇಕಿದ್ದರೆ ದುಬಾರಿಯಾದರೂ ವಿಮಾನ. ನಾಲ್ಕೈದು ದಿನ ಇರುವಿರಾದರೆ, ಅಲ್ಲಿ ಓಡಾಟವೂ ಇದ್ದರೆ, ಕಾರು: ರಾತ್ರಿ ಪೂರ್ತಿ ನಿದ್ದೆ ಮಾಡಿ ಬೆಳಿಗ್ಗೆ 6ಕ್ಕೆ ಹೊರಡಿ, ಕತ್ತಲಾಗುವ ಮುನ್ನ ತಲುಪಿ. ವಾಪಸು ಬಂದ ಮರುದಿನ ರಜೆ ಇರಲಿ.

ಪ್ರಶ್ನೆ: ನೇರ ವಿಮಾನ ದುಬಾರಿ. ಬೇರೆ ಬೇರೆ ಕಂಪನಿಗಳ ಎರಡು ಟಿಕೆಟ್ ಕೊಂಡರೆ ಅಗ್ಗವಾಗುತ್ತದೆ. ನಡುವೆ ಒಂದೂವರೆ ಗಂಟೆ ಸಿಗುತ್ತದೆ. ಸಾಕೇ?

ಉತ್ತರ: ಸಾಲದು. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಸಾಮಾನ್ಯವಾಗಿ ಕಂಪನಿಯದು. ಬಿಡಿ ಟಿಕೆಟ್‌ಗಳಾದರೆ ನಷ್ಟ ನಿಮ್ಮದೇ. ಜೊತೆಗೆ ಬ್ಯಾಗನ್ನು ಇಳಿಸಿಕೊಂಡು ಮತ್ತೆ ಚೆಕ್‌-ಇನ್ ಮಾಡಬೇಕು. ಆ ಕೌಂಟರ್ ವಿಮಾನ ಹೊರಡುವುದಕ್ಕಿಂತ ಸಾಕಷ್ಟು ಮೊದಲೇ ಮುಚ್ಚುತ್ತದೆ. ಕನಿಷ್ಠ ಮೂರೂವರೆ ಗಂಟೆ ಬಿಡಿ. ಮೊದಲ ಹಾರಾಟ ಬೆಳಗಿನದಾಗಿರಲಿ: ಒಂದೇ ವಿಮಾನ ದಿನವಿಡೀ ಊರಿಂದೂರಿಗೆ ಹಾರುವುದರಿಂದ ತಡ ಕೂಡುತ್ತಾ ಹೋಗಿ ಸಂಜೆಗೆ ಹೆಚ್ಚಾಗಿರುತ್ತದೆ. ಇಷ್ಟು ಹೊತ್ತು ಸೇರಿಸಿದ ಮೇಲೆ ಕಾರಿನ ಗಂಟೆಗಳನ್ನು ಪಕ್ಕದಲ್ಲಿಟ್ಟು ನೋಡಿ, 700 ಕಿ.ಮೀ.ವರೆಗೂ ಹೆಚ್ಚಿನ ಲಾಭ ಕಾಣದು.

ಪ್ರಶ್ನೆ: ಕಾರಿನಲ್ಲಿ ಐವರು, ಡಿಕ್ಕಿ ತುಂಬ ಸಾಮಾನು. ಟೈರ್ ಬಿಸಿಯಾಗುವುದರಿಂದ ಗಾಳಿ ಸ್ವಲ್ಪ ಕಡಿಮೆ ಇಡಬೇಕೆನ್ನುತ್ತಾರೆ. ನಿಜವೇ?

ಉತ್ತರ: ತಪ್ಪು, ಅಪಾಯ ಕೂಡ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಚಿ ಬಿಚ್ಚುತ್ತದೆ, ಅದರಿಂದಲೇ ಅತಿಯಾಗಿ ಕಾದು ಸಿಡಿಯುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಪೂರ್ಣ ಭಾರಕ್ಕೆಂದು ಕೊಟ್ಟಿರುವ ಅಂಕಿಯಷ್ಟೇ ತುಂಬಿಸಿ. ಹೊರಡುವ ಮುನ್ನ, ಟೈರ್ ತಣ್ಣಗಿರುವಾಗ ಅಳೆಯಿರಿ. ದಾರಿಯಲ್ಲಿ ಒತ್ತಡ ಏರಿದ್ದು ಕಂಡರೆ ಗಾಳಿ ಬಿಡಬೇಡಿ, ಆ ಏರಿಕೆ ಲೆಕ್ಕದಲ್ಲಿರುವಂಥದ್ದೇ. ಸ್ಟೆಪ್ನಿಯನ್ನೂ ಅಂದೇ ನೋಡಿಬಿಡಿ.