ತಂಬಿಲಕ್ಕೆ ಹೋದವನು ಸಂಘದ ಕಾರ್ಯದರ್ಶಿಯಾಗಬಹುದೇ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಶಾಲಾ ಅಧ್ಯಾಪಕ. ದೇವರಲ್ಲಿ ನಂಬಿಕೆಯಿಲ್ಲ. ಇಲ್ಲಿನ ಯುಕ್ತಿವಾದಿಗಳ ಸಂಘವೊಂದರಲ್ಲಿದ್ದೇನೆ, ಈ ಸಲ ಕಾರ್ಯದರ್ಶಿಯಾಗಲು ಹೇಳುತ್ತಿದ್ದಾರೆ. ಆದರೆ ಅಮ್ಮನನ್ನು ನಮ್ಮ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ದೈವಗಳಿಗೆ ನಡೆಯುವ ತಂಬಿಲವೆಂಬ ಪೂಜೆಗೆ ಕರೆದುಕೊಂಡು ಹೋದದ್ದಕ್ಕೆ ಸಭೆಯಲ್ಲಿ ಆಕ್ಷೇಪ ಬಂತು. ನಂಬುವವರನ್ನು ಅಲ್ಲಿ ಬುದ್ಧಿಯಿಲ್ಲದವರೆಂದು ಹೀಯಾಳಿಸುತ್ತಾರೆ. ನಾಸ್ತಿಕತೆಗೆ ಸಂಘ ಬೇಕೇ? ನಾನು ಅಲ್ಲಿರಬೇಕೇ?
– ಹೆಸರು ಬೇಡ

ಉತ್ತರ: ದೇವರಿಲ್ಲವೆಂದು ಒಬ್ಬರು ತಮ್ಮಷ್ಟಕ್ಕೆ ತೀರ್ಮಾನಿಸಲು ಯಾವ ಸಂಘವೂ ಬೇಡ. ಆದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಪುರೋಹಿತರಿಲ್ಲದೆ ಮದುವೆಯಾಗಲು ಹೊರಟ ಜೋಡಿಗೆ, ಉತ್ತರಕ್ರಿಯೆ ಬೇಡ, ದೇಹದಾನ ಮಾಡಿ ಎಂದು ಬರೆದಿಟ್ಟು ತೀರಿಕೊಂಡವರ ಮಕ್ಕಳಿಗೆ, ಊರೂ ಬಂಧುಗಳೂ ಎದುರು ನಿಂತಾಗ ಜೊತೆಗೆ ನಾಲ್ಕು ಜನ ಬೇಕಾಗುತ್ತದೆ. ಆ ನಾಲ್ಕು ಜನರಿಗಾಗಿ ಸಂಘ ಇರಲೇಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

ನಿಮ್ಮ ಸಂಘದವರು ತಮ್ಮದೇ ಪರಂಪರೆಯನ್ನು ಮರೆತಿದ್ದಾರೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಬೇರೆ ಬೇರೆ ಜಾತಿಯವರನ್ನು ಒಟ್ಟಿಗೆ ಕೂರಿಸಿ ಮಿಶ್ರಭೋಜನ ನಡೆಸಿದ ಸಹೋದರನ್ ಅಯ್ಯಪ್ಪನ್ ನಾರಾಯಣ ಗುರುಗಳ ಶಿಷ್ಯರು. ಮನುಷ್ಯನಿಗೆ ಒಂದೇ ಜಾತಿ, ಒಂದೇ ಮತ, ಒಬ್ಬನೇ ದೇವರು ಎಂದ ಗುರುಗಳ ಮಾತನ್ನು ಶಿಷ್ಯ ಜಾತಿ ಬೇಡ, ಮತ ಬೇಡ, ದೇವರು ಬೇಡ ಎಂದು ತಿರುಗಿಸಿದರು. ಗುರುಗಳು ಅವರನ್ನು ದೂರ ಮಾಡಲಿಲ್ಲ, ಅವರೂ ಗುರುಗಳನ್ನು ಬಿಡಲಿಲ್ಲ. ದೇವಾಲಯಗಳನ್ನು ಪ್ರತಿಷ್ಠಾಪಿಸಿದ ಸಂನ್ಯಾಸಿಯೂ ದೇವರನ್ನು ನಿರಾಕರಿಸಿದ ತರುಣನೂ ಜಾತಿಯ ವಿರುದ್ಧ ಒಂದೇ ಕಡೆ ನಿಲ್ಲಲು ಸಾಧ್ಯವಾದದ್ದು, ಇಬ್ಬರೂ ತಮ್ಮ ಎದುರಾಳಿ ಯಾರೆಂಬುದನ್ನು ಸರಿಯಾಗಿ ಗುರುತಿಸಿದ್ದರಿಂದ. ಮಹಾರಾಷ್ಟ್ರದಲ್ಲಿ 1989ರಲ್ಲಿ ಅಂಧಶ್ರದ್ಧೆ ನಿರ್ಮೂಲನ ಸಮಿತಿ ಕಟ್ಟಿದ ನರೇಂದ್ರ ದಾಭೋಲ್ಕರ್ ಅವರೂ ತಮ್ಮ ಹೋರಾಟ ಶೋಷಣೆಯ ವಿರುದ್ಧವೇ ಹೊರತು ದೇವರು, ಧರ್ಮಗಳ ವಿರುದ್ಧವಲ್ಲ ಎಂದೇ ಹೇಳುತ್ತಿದ್ದರು. 2013ರಲ್ಲಿ ಅವರ ಕೊಲೆಯಾಯಿತು. ಅವರು ವರ್ಷಗಟ್ಟಲೆ ಒತ್ತಾಯಿಸಿದ್ದ ಮೂಢನಂಬಿಕೆ ವಿರೋಧಿ ಕಾನೂನು ಅದೇ ವರ್ಷ ಬಂತು.

ಇನ್ನು ತಂಬಿಲದ ವಿಚಾರ. ಅಮ್ಮನ ಜೊತೆ ಹೋಗಿ, ಊಟ ಮಾಡಿ, ಅವರು ಕೊಟ್ಟ ಗಂಧವನ್ನು ಕೈಯಲ್ಲಿ ತೆಗೆದುಕೊಳ್ಳಿ. ಪ್ರಾರ್ಥನೆಗೆ ನಿಲ್ಲುವುದಿಲ್ಲವೆಂಬುದನ್ನು ಮಾತ್ರ ಮನೆಯಲ್ಲೇ, ಮೊದಲೇ, ಮೆತ್ತಗೆ ತಿಳಿಸಿ. ನಟಿಸುವುದು ಅಮ್ಮನಿಗೂ ಮಾಡುವ ಅಗೌರವ. ನೀವು ಎದ್ದುನಿಂತು ಮಾತನಾಡಬೇಕಾದ ಸಂದರ್ಭ ಬೇರೆಯೇ ಇದೆ. ಜ್ಯೋತಿಷಿಯಿಂದ ಪ್ರಶ್ನೆ ಇಡಿಸಿ, ಯಾವುದೋ ದೋಷ ಕಂಡಿತೆಂದು ಪರಿಹಾರದ ಪಟ್ಟಿ ಬೆಳೆದು, ಕುಟುಂಬದ ಪ್ರತಿ ಮನೆಯಿಂದ ವಂತಿಗೆ ಎತ್ತುವಾಗ, ಕೂಲಿ ಮಾಡಿ ಬದುಕುವ ದಾಯಾದಿ ಸಾಲ ಮಾಡಿ ಕೊಡಬೇಕಾದೀತು. ಆಗ ಲೆಕ್ಕ ಕೇಳಿ. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಬದಲು ಹರಕೆ ಹೇಳಿ ಕಾಯುವುದನ್ನು ಕಂಡರೆ ತಡೆಯಿರಿ. ಅಲ್ಲಿ ನಿಮ್ಮ ಪರವಾಗಿ ಮೊದಲು ದನಿಗೂಡಿಸುವವರು ದೈವಕ್ಕೆ ಕೈಮುಗಿಯುವವರೇ ಆಗಿರಬಹುದು. ಸಭೆಯಲ್ಲಿ ಅವರನ್ನೇ ಬುದ್ಧಿಯಿಲ್ಲದವರೆಂದು ಕರೆದ ಸಂಘ ಆ ಹೊತ್ತಿಗೆ ಯಾರ ನೆರವನ್ನು ಕೇಳೀತು?

ನೀವು ಅಧ್ಯಾಪಕರೂ ಆಗಿರುವುದರಿಂದ ಇನ್ನೊಂದು ಮಾತು: ತರಗತಿಯಲ್ಲಿ ಪ್ರಶ್ನಿಸುವುದನ್ನು ಕಲಿಸಿ, ಸಂಘದ ಪ್ರಚಾರವನ್ನು ಅಲ್ಲಿಗೆ ಒಯ್ಯಬೇಡಿ. ವೈಜ್ಞಾನಿಕ ಮನೋಭಾವ ಬೆಳೆಸುವುದನ್ನು ನಾಗರಿಕರ ಕರ್ತವ್ಯವೆಂದ ಸಂವಿಧಾನವೇ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಎಲ್ಲರಿಗೂ ಕೊಟ್ಟಿದೆ, ನಿಮ್ಮ ವಿದ್ಯಾರ್ಥಿಗಳ ಮನೆಯವರಿಗೂ.

ಕಾರ್ಯದರ್ಶಿ ಸ್ಥಾನವನ್ನು ಒಪ್ಪಿಕೊಳ್ಳಿ, ಆದರೆ ಎರಡು ಷರತ್ತುಗಳನ್ನು ಸಭೆಯ ನಡಾವಳಿಯಲ್ಲಿ ಬರೆಸಿಯೇ ಒಪ್ಪಿಕೊಳ್ಳಿ. ಸದಸ್ಯರ ಮನೆಯ ಸಮಾರಂಭಗಳ ಬಗ್ಗೆ ಸಂಘ ವಿಚಾರಣೆ ನಡೆಸಕೂಡದು; ನಂಬಿಕೆಯನ್ನು ಎಷ್ಟು ಕಟುವಾಗಿ ಬೇಕಾದರೂ ಟೀಕಿಸಬಹುದು, ನಂಬುವವರನ್ನು ಹೀಯಾಳಿಸಕೂಡದು. ಅವರು ಒಪ್ಪದಿದ್ದರೆ ಸ್ಥಾನವನ್ನು ಬಿಟ್ಟು ಸದಸ್ಯರಾಗಿಯೇ ಉಳಿಯಿರಿ, ಮುಂದಿನ ವಾರ್ಷಿಕ ಸಭೆಯಲ್ಲಿ ಇದೇ ಪ್ರಸ್ತಾವವನ್ನು ಮತ್ತೆ ಮಂಡಿಸಿ.