41ನೇ ಹೆಸರು ಯಾರದು?

ನಮಸ್ಕಾರ. ನಿಮ್ಮ ಕತೆ ಓದಿದೆ. ಭಾಷೆ ಚೆನ್ನಾಗಿದೆ, ಅಡುಗೆಮನೆಯ ಮಾತುಕತೆ ಖುಷಿ ಕೊಟ್ಟಿತು. ಕೊನೆಯ ಎರಡು ಪುಟ ಮಾತ್ರ ಸಿಟ್ಟು ತರಿಸಿತು.

ಕ್ರಿ.ಶ. 10ರ ರೋಮ್. ಸಾಯುತ್ತಿರುವ ಯಜಮಾನ ಉಯಿಲು ಬರೆಸುತ್ತಾನೆ: ‘ನನ್ನ 200 ಗುಲಾಮರೂ ಸ್ವತಂತ್ರರು.’ ಎಲ್ಲರೂ ಕುಣಿಯುತ್ತಾರೆ. ಆಗಲ್ಲ ಕಣ್ರೀ! ಕ್ರಿ.ಪೂ. 2ರಲ್ಲೇ ಫುಫಿಯಾ ಕನೀನಿಯಾ ಕಾನೂನು ಬಂದಿತ್ತು. 3ರಿಂದ 10 ಗುಲಾಮರಿದ್ದವನು ಉಯಿಲಿನಲ್ಲಿ ಅರ್ಧದಷ್ಟು ಜನರನ್ನು ಬಿಡಬಹುದು, 30ರವರೆಗೆ ಮೂರನೇ ಒಂದು ಪಾಲು, 100ರವರೆಗೆ ಕಾಲು, 500ರವರೆಗೆ ಐದನೇ ಒಂದು. ಸಾವಿರ ಜನ ಇದ್ದರೂ 100 ದಾಟುವಂತಿಲ್ಲ. ನಿಮ್ಮ ಯಜಮಾನ ಬಿಡಬಹುದಾದದ್ದು 40. ಅದೂ ಒಬ್ಬೊಬ್ಬರ ಹೆಸರು ಬರೆದಿದ್ದರೆ. ಸುಮ್ನೆ ‘ಎಲ್ಲರೂ’ ಅಂದರೆ ಯಾರಿಗೂ ಬಿಡುಗಡೆ ಇಲ್ಲ. ಜಾಸ್ತಿ ಹೆಸರು ಬರೆದರೆ ಮೊದಲ 40 ಜನಕ್ಕಷ್ಟೇ. ಮೊದಲು ಯಾರು, ಕೊನೆ ಯಾರು ತಿಳಿಯದಂತೆ ಹೆಸರುಗಳನ್ನು ಚಕ್ರಾಕಾರದಲ್ಲಿ ಬರೆದರೆ ಒಬ್ಬರೂ ಬಿಡುಗಡೆಯಾಗುವುದಿಲ್ಲ ಎಂದು ನ್ಯಾಯಪಂಡಿತ ಗೈಯಸ್ ಬರೆದಿಟ್ಟಿದ್ದಾನೆ. ಯಾರೋ ಹಾಗೆ ಬರೆದು ನೋಡಿರಬೇಕು, ಅಲ್ವಾ?

ಕತೆ ಇರುವುದು ಅಲ್ಲೇ. ನಿಮ್ಮ ಅಡುಗೆಯವಳು 40ನೆಯವಳೋ 41ನೆಯವಳೋ? ಪಟ್ಟಿ ಬರೆಯುವಾಗ ಪಕ್ಕದಲ್ಲಿ ನಿಂತವರು ಯಾರು? ಇನ್ನೊಂದು ಮಾತು. ಈ ಮಿತಿ ಉಯಿಲಿಗೆ ಮಾತ್ರ, ಬದುಕಿರುವಾಗ ಬಿಡುವುದಕ್ಕೆ ಇಷ್ಟೇ ಜನ ಅಂತ ಲೆಕ್ಕ ಇರಲಿಲ್ಲ. ಹಾಗಾದರೆ ಅಷ್ಟು ಒಳ್ಳೆಯವನು ಸಾಯುವವರೆಗೂ ಯಾಕೆ ಕಾದ?

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಅಲ್ಲೊಬ್ಬರು ಹಿರಿಯ ಪ್ರೂಫ್ ರೀಡರ್ ಇದ್ದರು. ರೈತನ ಸಾಲದ ಕತೆ ಬಂದರೆ ಮೊದಲು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬಡ್ಡಿ ಲೆಕ್ಕ ಹಾಕುತ್ತಿದ್ದರು. ಲೆಕ್ಕ ತಪ್ಪಿದ್ದರೆ, ‘ಇವನಿಗೆ ಸಾಲದ ನೋವು ಗೊತ್ತಿಲ್ಲ ಮಾರಾಯ’ ಎಂದು ಹಾಳೆ ನನ್ನ ಕಡೆ ತಳ್ಳುತ್ತಿದ್ದರು. ನನಗೆ ಆಗ ಅದು ಅತಿ ಅನ್ನಿಸುತ್ತಿತ್ತು. ಈಗ ನಿಮ್ಮ ಹಸ್ತಪ್ರತಿಯ ಅಂಚಿನಲ್ಲೂ ಪೆನ್ಸಿಲ್ ಗುರುತುಗಳಿವೆ.

ಎರಡನೆಯದು ನಿಮ್ಮ ನಾಯಕ. ಕಳ್ಳತನಕ್ಕೆ ಹಣೆಗೆ ಬರೆ ಹಾಕಿಸಿಕೊಂಡವನು ಬಿಡುಗಡೆಯಾಗಿ ರೋಮ್‌ನಲ್ಲೇ ರೊಟ್ಟಿ ಅಂಗಡಿ ಇಡುತ್ತಾನೆ. ಕ್ರಿ.ಶ. 4ರ ಐಲಿಯಾ ಸೆಂಟಿಯಾ ಕಾನೂನಿನ ಪ್ರಕಾರ ಅಂಥವನು ಬಿಡುಗಡೆಯಾದರೂ ನಾಗರಿಕನಾಗುವುದಿಲ್ಲ, ರೋಮ್‌ನಿಂದ 100 ಮೈಲಿಯೊಳಗೆ ಇರುವಂತಿಲ್ಲ. ಇದ್ದರೆ ಅವನನ್ನೂ ಅವನ ಸಾಮಾನನ್ನೂ ಮಾರಿಬಿಡುತ್ತಾರೆ, ಮತ್ತೆಂದೂ ಬಿಡುಗಡೆ ಮಾಡಬಾರದೆಂಬ ಷರತ್ತಿನ ಮೇಲೆ. ನೀವು ಅವನಿಗೆ ಅಂಗಡಿ ಕೊಟ್ಟು ಕತೆ ಮುಗಿಸಿದ್ದೀರಿ!

ಆ ಎರಡು ಪುಟ ಮತ್ತೆ ಬರೆದು ಕಳಿಸಿ. ಅಡುಗೆಮನೆ ಭಾಗಕ್ಕೆ ಕೈ ಹಚ್ಚಬೇಡಿ.