ಆರು ಜನರ ತಂಡ ಮೊದಲಿನಿಂದಲೇ ಮೈಕ್ರೋಸರ್ವಿಸ್‌ಗಳನ್ನು ಆರಿಸಿಕೊಳ್ಳಬೇಕೇ?

ಮಂಗಳೂರಿನಲ್ಲಿ ಆರು ಜನರ ತಂಡವೊಂದು ತನ್ನ ಹೊಸ ತಂತ್ರಾಂಶವನ್ನು ಆರಂಭದಿಂದಲೇ ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಬೇರೆಬೇರೆಯಾಗಿ ನಡೆಯುತ್ತ ನೆಟ್‌ವರ್ಕ್ ಮೂಲಕ ಮಾತಾಡಿಕೊಳ್ಳುವ ಸಣ್ಣ ಸಣ್ಣ ಪ್ರೋಗ್ರಾಂಗಳಾಗಿ, ಒಡೆಯಬೇಕೇ ಎಂದು ಕೇಳಿದ್ದೀರಿ. ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಂಸ್ಥೆಯೊಂದು ರೂಪಿಸುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಸಂವಹನದ ರಚನೆಯನ್ನೇ ಹೋಲುತ್ತದೆ ಎಂದು ಅಮೆರಿಕದ ಗಣಕ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದರು. ಅದನ್ನೇ ಇಂದು ಕಾನ್ವೇ ನಿಯಮ ಎನ್ನುತ್ತೇವೆ. ಅಂದರೆ ಒಟ್ಟಿಗೆ ಮಾತಾಡಿಕೊಂಡು ಕೆಲಸ ಮಾಡುವ ಆರು ಜನರಿಗೆ ಒಂದೇ ತಂತ್ರಾಂಶ ಸಹಜ; ಜನ ದೂರವಿದ್ದಲ್ಲಿ ತಂತ್ರಾಂಶವೂ ಒಡೆಯುತ್ತದೆ.

ಇದನ್ನು ನಾನು ಹಿಂದೆ ಕೆಲಸ ಮಾಡಿದ ಕಡೆ ಕಣ್ಣಾರೆ ಕಂಡಿದ್ದೇನೆ. ಬಿಲ್ಲಿಂಗ್ ಭಾಗ ಬರೆಯುವವರು ಮಣಿಪಾಲದಲ್ಲಿ, ದಾಸ್ತಾನಿನ ಭಾಗ ನೋಡಿಕೊಳ್ಳುವವರು ಮಂಗಳೂರಿನಲ್ಲಿ ಇದ್ದರು. ಒಬ್ಬನೇ ಗ್ರಾಹಕನ ವಿಳಾಸ ಎರಡು ಡೇಟಾಬೇಸ್‌ಗಳಲ್ಲಿ ಎರಡು ಬಗೆಯಲ್ಲಿತ್ತು: ಒಂದರಲ್ಲಿ ಪಿನ್‌ಕೋಡ್ ಪ್ರತ್ಯೇಕ ಅಂಕಣದಲ್ಲಿ, ಇನ್ನೊಂದರಲ್ಲಿ ವಿಳಾಸದ ಕೊನೆಯ ಸಾಲಿಗೇ ಅಂಟಿಕೊಂಡು. ಹಾಗೆ ಮಾಡೋಣವೆಂದು ಯಾರೂ ನಿರ್ಧರಿಸಿರಲಿಲ್ಲ. ಎರಡು ಕಡೆಯವರು ವಾರಕ್ಕೊಮ್ಮೆ ಮಾತ್ರ ಮಾತನಾಡುತ್ತಿದ್ದುದರಿಂದ ಆ ಅಂತರವೇ ಕೋಡಿನೊಳಗೆ ಗೋಡೆಯಾಗಿ ಎದ್ದು ನಿಂತಿತ್ತು.

ತಂಡಕ್ಕೆ ಎಷ್ಟು ಅನುಭವವಿದೆ ಎಂಬುದು ಇನ್ನೂ ಮುಖ್ಯ. ಒಂದೇ ಪ್ರೋಗ್ರಾಂನೊಳಗೆ ಕೋಡಿನ ಒಂದು ಭಾಗ ಇನ್ನೊಂದನ್ನು ಕರೆಯುವ ಫಂಕ್ಷನ್ ಕರೆಯು ನೆಟ್‌ವರ್ಕ್ ಕರೆಯಾದೊಡನೆ ಟೈಮ್‌ಔಟ್ (ಉತ್ತರ ಬಾರದೆ ಕಾಯುವ ಸಮಯ ಮೀರುವುದು), ಮರುಪ್ರಯತ್ನ, ಒಂದೇ ಪಾವತಿ ಎರಡು ಬಾರಿ ದಾಖಲಾಗುವ ಅಪಾಯ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಆಗತಾನೇ ಕಾಲೇಜು ಮುಗಿಸಿದವರೇ ಹೆಚ್ಚಿರುವ ತಂಡಕ್ಕೆ, ದೊಡ್ಡ ಕಂಪನಿಯ ವಿನ್ಯಾಸವನ್ನು ನಕಲು ಮಾಡಬಹುದಾದರೂ ಅದನ್ನು ಹಗಲಿರುಳು ಕಾಯುವ ನೂರಾರು ಎಂಜಿನಿಯರರನ್ನು ನಕಲು ಮಾಡಲಾಗದು ಎಂಬುದು ಸುಲಭವಾಗಿ ಹೊಳೆಯುವುದಿಲ್ಲ, ಮತ್ತು ಅದು ಅವರ ತಪ್ಪೂ ಅಲ್ಲ.

ಆದ್ದರಿಂದ ಮೊದಲು ಒಂದೇ ಅಪ್ಲಿಕೇಶನ್ ಕಟ್ಟಿ, ಒಳಗಿನ ಮಾಡ್ಯೂಲ್‌ಗಳ (ಒಂದೊಂದು ಕೆಲಸ ನೋಡಿಕೊಳ್ಳುವ ಕೋಡಿನ ಭಾಗಗಳ) ಗಡಿಯನ್ನು ಸ್ಪಷ್ಟವಾಗಿಡಿ. ತಂಡ ಬೆಳೆದು, ಬಿಡುಗಡೆಗಾಗಿ ಒಂದು ಭಾಗದವರು ಇನ್ನೊಂದು ಭಾಗದವರನ್ನು ಕಾಯುವ ಸ್ಥಿತಿ ಬಂದಾಗ ಆ ಗಡಿಯಲ್ಲೇ ಒಡೆಯಿರಿ.